ಬಿಲ್ಲಿಗೆ ಉತ್ತರ ಬೇಕು

ಕಟ್ಟಡ ಎದ್ದಿದೆ. ಉದ್ಘಾಟನೆಯೂ ಆಗಿದೆ. ಶಿಲಾಫಲಕದಲ್ಲಿ ಹೆಸರುಗಳು ಮೂಡಿವೆ. ಕಟ್ಟಿದವನಿಗೆ ಮಾತ್ರ ಹಣ ಬಂದಿಲ್ಲ. ಇದು ನಮ್ಮ ದೇಶದಲ್ಲಿ ಹೊಸ ಸುದ್ದಿಯಲ್ಲ. ಸುದ್ದಿಯೇ ಅಲ್ಲವೆಂದರೂ ತಪ್ಪಾಗದು. ಆದರೆ ಈ ಬಾಕಿಯ ವ್ಯವಹಾರದಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಅಂಶವೊಂದಿದೆ. ಕಚೇರಿಯವರು "ಕೊಡುವುದಿಲ್ಲ" ಎಂದು ಹೇಳುವುದು ಬಹಳ ಅಪರೂಪ. ಹಾಗೆ ಹೇಳಿದ್ದರೆ ಎಷ್ಟೋ ವಾಸಿಯಾಗಿತ್ತು. ಏಕೆ ಕೊಡುವುದಿಲ್ಲವೆಂದು ಕೇಳಬಹುದಿತ್ತು, ಮೇಲಧಿಕಾರಿಗಳಿಗೆ ದೂರಬಹುದಿತ್ತು, ಕೋರ್ಟಿನ ಮೆಟ್ಟಿಲು ಹತ್ತಬಹುದಿತ್ತು. ಅವರು ಏನನ್ನೂ ಹೇಳುವುದಿಲ್ಲ. ಬಿಲ್ಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿರುತ್ತದೆ. "ನೋಡೋಣ", "ಬಜೆಟ್ ಬರಲಿ", "ಸಾಹೇಬರು ರಜೆಯಲ್ಲಿದ್ದಾರೆ" ಎಂಬ ಮಾತುಗಳಲ್ಲೇ ವರ್ಷ ಉರುಳುತ್ತದೆ. ಈ ಮೌನವೇ ರೋಗದ ಮೂಲವೆಂದು ನಮ್ಮ ತಿಳುವಳಿಕೆ.

ಕಣೇಕಲ್ಲಿನ ಕಡೆಯ ಮೇಷ್ಟರಾದ ನಾವು ಕಾಸರಗೋಡಿನ ಪತ್ರಿಕೆಯಲ್ಲಿ ಕಂಟ್ರಾಕ್ಟರ ಬಿಲ್ಲಿನ ವಿಚಾರ ಬರೆಯುವುದೇಕೆಂದು ವಾಚಕರು ಕೇಳಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕು ಆ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯ ಪಾಲಾಯಿತು. ಕಣೇಕಲ್ಲು ಆ ಸೀಮೆಯ ಊರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯಾಚೆ ಉಳಿದವರ ಪೈಕಿ ನಾವು ನಿಮಗಿಂತ ಮೂರು ವರ್ಷ ಹಿರಿಯರು, ಅಷ್ಟೆ. ನಿಮ್ಮಲ್ಲಿ ಕಾಗದ ಮಲಯಾಳದಲ್ಲಿ ಬರುತ್ತದೆ, ನಮ್ಮಲ್ಲಿ ತೆಲುಗಿನಲ್ಲಿ. ಕರಾರುಪತ್ರ ಎರಡೂ ಕಡೆ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯ ಮೇಷ್ಟರ ಮನೆಗೆ ಜನ ಮಕ್ಕಳ ಓದನ್ನು ವಿಚಾರಿಸಲು ಬರುವುದಕ್ಕಿಂತ ಇಂಥ ಕಾಗದಗಳನ್ನು ಓದಿಸಿಕೊಳ್ಳಲು ಬರುವುದೇ ಹೆಚ್ಚು. ಹೀಗೆ ಓದಿ ಹೇಳುತ್ತ ಹೇಳುತ್ತ ನಮಗೆ ಈ ವಿಷಯದ ಪರಿಚಯವಾಯಿತು.

ನಮ್ಮ ಸೀಮೆಗೆ ಜೀವ ಕೊಟ್ಟದ್ದು ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ. ಜನರ ಬಾಯಲ್ಲಿ ಅದು ಎಚ್ಚೆಲ್ಸಿ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟು ಬಳ್ಳಾರಿ ಜಿಲ್ಲೆಯನ್ನು ಹಾದು ನಮ್ಮ ಕಡೆಗೆ ಬರುತ್ತದೆ. ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ಏರಿ ಬರುವ ಈ ನೆಲದಲ್ಲಿ ಆ ನೀರಿಲ್ಲದಿದ್ದರೆ ಭತ್ತದ ಮಾತೇ ಇಲ್ಲ. ಕಾಲುವೆಯಿದ್ದ ಮೇಲೆ ಕಾಮಗಾರಿ ಇದ್ದೇ ಇದೆ. ಹೂಳು ತೆಗೆಯುವುದು, ಏರಿ ಕಟ್ಟುವುದು, ತೂಬು ದುರಸ್ತಿ, ಕಾಂಕ್ರೀಟಿನ ಹಾಸು. 2008ರ ಸುಮಾರಿಗೆ ಮಂಜೂರಾದ ಕಾಲುವೆಯ ಆಧುನೀಕರಣವಂತೂ ಪ್ಯಾಕೇಜುಗಳಾಗಿ ಹಂಚಿಹೋಗಿ ವರ್ಷಗಟ್ಟಲೆ ಕುಂಟಿತು.

ಕಾಲುವೆ ಕೆಲಸದ ಸ್ವಭಾವವನ್ನು ಸ್ವಲ್ಪ ವಿವರಿಸಿದರೆ ಬಿಲ್ಲಿನ ಜಗಳ ಎಲ್ಲಿ ಹುಟ್ಟುತ್ತದೆಂದು ತಿಳಿದೀತು. ಮಳೆಗಾಲದಲ್ಲಿ ಅಣೆಕಟ್ಟು ತುಂಬಿದ ಮೇಲೆ ಬಿಟ್ಟ ನೀರು ಚಳಿಗಾಲ ಕಳೆಯುವವರೆಗೆ ಹರಿಯುತ್ತದೆ. ನೀರು ನಿಂತ ಮೇಲೆ ಬೇಸಿಗೆಯ ಕೆಲವೇ ತಿಂಗಳು ಕೆಲಸಕ್ಕೆ ಸಿಗುತ್ತವೆ. ಅಷ್ಟರಲ್ಲಿ ನಕ್ಷೆ ಬರಬೇಕು, ಜಾಗ ಕೈಗೆ ಸಿಗಬೇಕು, ಜಲ್ಲಿ ಸಿಮೆಂಟು ಬೀಳಬೇಕು. ಇಲಾಖೆಯವರು ನಕ್ಷೆ ಕೊಡುವುದು ಒಂದು ತಿಂಗಳು ತಡವಾದರೆ ಕೆಲಸ ಒಂದು ತಿಂಗಳು ಹಿಂದೆ ಬೀಳುವುದಿಲ್ಲ, ಒಂದು ವರ್ಷ ಹಿಂದೆ ಬೀಳುತ್ತದೆ. ಆ ವರ್ಷದಲ್ಲಿ ಕಬ್ಬಿಣದ ದರ ಏರುತ್ತದೆ, ಡೀಸೆಲ್ ಏರುತ್ತದೆ, ಕೂಲಿ ಏರುತ್ತದೆ. ಕರಾರಿನ ದರ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನು ಅಳತೆ. ಮಾಡಿದ ಕೆಲಸವನ್ನು ಕಿರಿಯ ಇಂಜಿನಿಯರರು ಅಳತೆ ಪುಸ್ತಕದಲ್ಲಿ, ಅಂದರೆ ಎಲ್ಲರೂ ಹೇಳುವ ಎಂ. ಬುಕ್ಕಿನಲ್ಲಿ, ಬರೆಯುತ್ತಾರೆ. ಕಂಟ್ರಾಕ್ಟರು ಒಪ್ಪಿ ಸಹಿ ಮಾಡುತ್ತಾನೆ. ಮೇಲಿನವರು ಪರಿಶೀಲಿಸುತ್ತಾರೆ. ಬಿಲ್ಲು ಹುಟ್ಟುವುದು ಈ ಪುಸ್ತಕದಿಂದಲೇ. ಅದರಲ್ಲಿ ಇಲ್ಲದ್ದು ಭೂಮಿಯ ಮೇಲೆ ಇದ್ದರೂ ಇಲ್ಲವೆಂದೇ ಲೆಕ್ಕ. ಸುತ್ತಿಗೆ ಉಳಿಯಲ್ಲಿ ಒಡೆದು ತೆಗೆದ ಗಟ್ಟಿ ಬಂಡೆಯನ್ನು "ಗಟ್ಟಿ ಮಣ್ಣು" ಎಂದು ಬರೆದರೆ ಸಾಕು, ದರ ನೆಲಕ್ಕೆ ಇಳಿಯಿತು. ತಕರಾರು ಮಾಡೋಣವೆಂದರೆ ಜೂನ್ ಕಳೆದು ನೀರು ಬರುತ್ತದೆ. ಸಾಕ್ಷಿ ನೀರಿನಡಿಗೆ ಹೋಗುತ್ತದೆ. ಮರುವರ್ಷ ನೀರು ನಿಂತಾಗ ಹೂಳು ಕುಳಿತಿರುತ್ತದೆ, ಯಾರು ಏನನ್ನು ಅಳೆಯಬೇಕು? ಹತ್ತನೆಯ ತರಗತಿಯ ಮಕ್ಕಳಿಗೆ ಘನಫಲದ ಲೆಕ್ಕ ಹಾಕಿಸುವಾಗ ನಮಗೆ ಎಷ್ಟೋ ಸಲ ಅನ್ನಿಸಿದೆ: ಸಿಲಿಂಡರಿನ ಬದಲು ಒಂದು ಎಂ. ಬುಕ್ಕಿನ ಪುಟವನ್ನೇ ಪಾಠವಾಗಿ ಕೊಟ್ಟರೆ ಇವರ ತಂದೆಯರಿಗಾದರೂ ಉಪಯೋಗವಾದೀತು.

ಇಷ್ಟೆಲ್ಲ ಕರಾರಿನಲ್ಲಿ ಹೆಸರಿರುವವನ ಪಾಡು. ಹೆಸರೇ ಇಲ್ಲದವನ ಗತಿ ಏನು? ದೊಡ್ಡ ಕಾಮಗಾರಿ ದೂರದ ನಗರದ ಕಂಪೆನಿಗೆ ಹೋಗುತ್ತದೆ. ಅದು ಇನ್ನೊಬ್ಬನಿಗೆ ಹಂಚುತ್ತದೆ, ಅವನು ಊರಿನ ಮೇಸ್ತ್ರಿಗೆ ಬಾಯಿಮಾತಿನಲ್ಲಿ ವಹಿಸುತ್ತಾನೆ. 2015ರ ಫೆಬ್ರವರಿಯಲ್ಲಿ ಆಂಧ್ರ ಸರಕಾರ ನೀರಾವರಿ ಕಾಮಗಾರಿಗಳಿಗೆ ಏರಿದ ದರವನ್ನು ಹೊಂದಿಸಿ ಕೊಡಲು 22ನೆಯ ಸಂಖ್ಯೆಯ ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಆ ಆದೇಶದ ಹಣಕ್ಕೆ ಕೈಯೊಡ್ಡುವ ಹಕ್ಕು ಮೇಲಿನ ಕಂಪೆನಿಗೆ. ಕಲ್ಲು ಹೊತ್ತವನ ಹೆಸರು ಯಾವ ಕಾಗದದಲ್ಲೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಂಥವರನ್ನು ಕಂಡೇ ಹಿರಿಯರು ಮಾಡಿರಬೇಕು.

ನಾವು ಬಲ್ಲ ಮೇಸ್ತ್ರಿಯೊಬ್ಬರು ಒಂದು ತಡೆಗೋಡೆಯನ್ನು ಹೀಗೆ ಬಾಯಿಮಾತಿನ ಮೇಲೆ ಕಟ್ಟಿದರು. ಅರ್ಧ ಹಣ ಬಂದಾಗ ತೆಲುಗಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಉಳಿದದ್ದನ್ನು ಕೇಳಹೋದಾಗ ತಿಳಿಯಿತು: ಆ ಕಾಗದದಲ್ಲಿ ಇದ್ದದ್ದು "ಪೂರ್ತಿ ಹಣ ಮುಟ್ಟಿದೆ, ಇನ್ನು ತಕರಾರಿಲ್ಲ" ಎಂದು. ಆ ವರ್ಷ ಜನವರಿಯಿಂದ ಅವರ ಮಗಳು ನಮ್ಮ ಒಂಬತ್ತನೆಯ ತರಗತಿಗೆ ಬರಲಿಲ್ಲ. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಆಳುಗಳಿಗೆ ಕೊಡಬೇಕಾದ ಕೂಲಿಯನ್ನು ತಂದೆ ಸಾಲ ಮಾಡಿ ಕೊಟ್ಟಿದ್ದರು, ಆ ಸಾಲ ತೀರಬೇಕಿತ್ತು.

ಕಾಸರಗೋಡಿನವರಿಗೆ ಇದು ದೂರದ ಕಥೆಯಲ್ಲ. ಜಲಜೀವನ್ ಮಿಷನ್ನಿನ ಕೊಳವೆಗಳಿಗೆಂದು ಕೇರಳದ ರಸ್ತೆಗಳನ್ನು ಅಗೆದ ಗುತ್ತಿಗೆದಾರರು 2025ರಲ್ಲಿ ಬಾಕಿಗಾಗಿ ಬೀದಿಗಿಳಿದದ್ದನ್ನು ನೀವು ಓದಿದ್ದೀರಿ. ಬಿಲ್ಲನ್ನು ಬ್ಯಾಂಕಿನಲ್ಲಿ ಅಡವಿಟ್ಟಂತೆ ಮಾಡಿ, ತನ್ನ ಹಣಕ್ಕೆ ತಾನೇ ಬಡ್ಡಿ ತೆತ್ತು ಪಡೆಯುವ ಏರ್ಪಾಡೂ ಕೇರಳದ ಗುತ್ತಿಗೆದಾರರಿಗೆ ಗೊತ್ತಿರುವುದೇ. ಕರ್ನಾಟಕದಲ್ಲೂ ಸುಖವಿಲ್ಲ. ಅಲ್ಲಿನ ರಾಜ್ಯ ಗುತ್ತಿಗೆದಾರರ ಸಂಘ 2025ರಲ್ಲಿ ತನ್ನವರ ಬಾಕಿ 30 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದೆಯೆಂದು ಹೇಳಿತು. ಆಂಧ್ರದಲ್ಲಿ 2019ರಲ್ಲಿ ಸರಕಾರ ಬದಲಾದ ಮೇಲೆ, ಅದಕ್ಕೆ ಮೊದಲು ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಡಿ ಮುಗಿದಿದ್ದ ಕಾಮಗಾರಿಗಳ ಬಿಲ್ಲುಗಳು ತಡೆಹಿಡಿಯಲ್ಪಟ್ಟವು. 2021ರ ಅಕ್ಟೋಬರಿನಲ್ಲಿ ಹೈಕೋರ್ಟು ಶೇಕಡಾ 12 ಬಡ್ಡಿ ಸಹಿತ ಕೊಡಿರೆಂದು ಆಜ್ಞಾಪಿಸಿತು. ಆ ಬಡ್ಡಿ ಯಾರ ಮನೆಯಿಂದ ಬರುವುದು? ನಿಮ್ಮ ನಮ್ಮ ತೆರಿಗೆಯಿಂದಲೇ.

ಎಲ್ಲಕ್ಕಿಂತ ಕಹಿಯಾದದ್ದು 2022ರ ಏಪ್ರಿಲಿನ ಉಡುಪಿಯ ಘಟನೆ. ಬೆಳಗಾವಿಯ ಗುತ್ತಿಗೆದಾರರೊಬ್ಬರು ಅಲ್ಲಿನ ವಸತಿಗೃಹದಲ್ಲಿ ಮೃತರಾಗಿ ಕಂಡುಬಂದರು. ಹಿಂಡಲಗಾ ಗ್ರಾಮದಲ್ಲಿ ಜಾತ್ರೆಗೆ ಮುಂಚೆ ಸುಮಾರು 4 ಕೋಟಿ ರೂಪಾಯಿಗಳ ಕಾಮಗಾರಿ ಮಾಡಿದೆನೆಂದೂ ಹಣ ಬರಲಿಲ್ಲವೆಂದೂ ಅವರ ದೂರಾಗಿತ್ತು. ಕಾರ್ಯಾದೇಶವನ್ನೇ ಕೊಟ್ಟಿರಲಿಲ್ಲವೆಂಬುದು ಇಲಾಖೆಯ ನಿಲುವು. ಸಚಿವರು ರಾಜೀನಾಮೆಯಿತ್ತರು, ಅನಂತರ ಪೊಲೀಸರು ಸಚಿವರ ವಿರುದ್ಧ ಸಾಕ್ಷ್ಯವಿಲ್ಲವೆಂದು ವರದಿ ಸಲ್ಲಿಸಿದರು. ಯಾರದು ಸರಿಯೆಂದು ತೀರ್ಪು ಕೊಡುವವರು ನಾವಲ್ಲ. ಆದರೆ ಮೊದಲ ಮನವಿ ಹೋದ ತಿಂಗಳಲ್ಲೇ "ಆದೇಶವಿಲ್ಲದ ಕೆಲಸಕ್ಕೆ ಹಣವಿಲ್ಲ, ಬೇಕಿದ್ದರೆ ದಾವೆ ಹೂಡಿ" ಎಂದು ಯಾರಾದರೂ ಒಂದು ಪುಟ ಬರೆದು ಕಳಿಸಿದ್ದರೆ, ಆ ಮನುಷ್ಯನ ಮುಂದೆ ಒಂದು ದಾರಿಯಾದರೂ ಕಾಣುತ್ತಿತ್ತು.

ಏಕೆಂದರೆ ಆದೇಶವಿಲ್ಲದೆ ಮಾಡಿದ ಕೆಲಸಕ್ಕೂ ಕಾನೂನಿನಲ್ಲಿ ದಾರಿಯಿದೆ. 1872ರ ಕರಾರು ಕಾಯಿದೆಯ 70ನೆಯ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಫಲವನ್ನು ಉಂಡವನು ಅದಕ್ಕೆ ಪ್ರತಿಫಲ ಕೊಡಬೇಕು. ಬಂಗಾಳದ ನಾಗರಿಕ ಸರಬರಾಜು ಇಲಾಖೆಗೆ 1944ರಲ್ಲಿ ಉಗ್ರಾಣದ ಕೊಠಡಿಗಳನ್ನು ಕಟ್ಟಿಕೊಟ್ಟ ಸಂಸ್ಥೆಯೊಂದಕ್ಕೆ, ಕರಾರು ವಿಧಿವತ್ತಾಗಿ ಆಗಿರಲಿಲ್ಲವೆಂಬ ಸರಕಾರದ ವಾದವನ್ನು ತಳ್ಳಿಹಾಕಿ ಸುಪ್ರೀಂ ಕೋರ್ಟು ಇದೇ ಕಲಮಿನ ಮೇಲೆ ಹಣ ಕೊಡಿಸಿತು. ತೀರ್ಪು ಬಂದದ್ದು 1961ರ ಡಿಸೆಂಬರಿನಲ್ಲಿ. ಕಟ್ಟಿದ ಹದಿನೇಳು ವರ್ಷಗಳ ಮೇಲೆ! ದಾರಿಯಿದೆ ಎಂದೆವು, ಹತ್ತಿರದ ದಾರಿ ಎನ್ನಲಿಲ್ಲ.

ನ್ಯಾಯಾಲಯಗಳು ಗುತ್ತಿಗೆದಾರನನ್ನು ಕೈಬಿಟ್ಟಿಲ್ಲವೆಂಬುದಕ್ಕೆ ಇನ್ನೂ ಉದಾಹರಣೆಗಳಿವೆ. ತೀರ್ಥಹಳ್ಳಿಯ ಅಕ್ಕಿ ಗಿರಣಿಯೊಂದಕ್ಕೂ ಕರ್ನಾಟಕ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ಕರಾರು ಮುರಿಯಿತೇ ಇಲ್ಲವೇ ಎಂಬುದೇ ವಿವಾದವಾದಾಗ ಒಂದು ಪಕ್ಷದವರೇ ನ್ಯಾಯಾಧೀಶರಾಗಲು ಬಾರದೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಷಯ ಭತ್ತದ್ದಾದರೂ ಮಾತು ಕಾಲುವೆಗೂ ಸಲ್ಲುತ್ತದೆ. ಕೇರಳದ ಚವರ ವಿತರಣಾ ಕಾಲುವೆಯ ಗುತ್ತಿಗೆಯ ಬಗ್ಗೆ 2006ರಲ್ಲಿ ಬಂದ ತೀರ್ಪು ನಮಗೆ ಹೆಚ್ಚು ಹತ್ತಿರದ್ದು: ದರ ಏರಿಕೆಯ ಷರತ್ತು ಕರಾರಿನಲ್ಲಿ ಇಲ್ಲದಿದ್ದರೂ, ತನ್ನ ಪಾಲಿನ ಹೊಣೆಯನ್ನು ಇಲಾಖೆ ನಡೆಸದೆ ಕೆಲಸ ತಡವಾದರೆ ಏರಿದ ದರ ಕೊಡಿಸಬಹುದು ಎಂದು ಅದರ ಸಾರ.

ಸಹಿಯ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ಮೇಸ್ತ್ರಿಯ ಕಾಗದದಂಥದೇ ಅಚ್ಚಿನ ಫಾರಮ್ಮಿಗೆ ಗುತ್ತಿಗೆದಾರರೊಬ್ಬರು ಕೇಂದ್ರ ಸರಕಾರದ ವಿದ್ಯುತ್ ನಿಗಮದಲ್ಲಿ ಸಹಿ ಹಾಕಿದ್ದರು. ಆದರೆ ಅದೇ ದಿನ ಇನ್ನೊಂದು ಪತ್ರವನ್ನೂ ಬರೆದರು: ಸಹಿ ಮಾಡದೆ ಹಣ ಕೊಡುವುದಿಲ್ಲವೆಂದದ್ದರಿಂದ ಸಹಿ ಮಾಡಿದ್ದೇನೆ, ನನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದು. 2004ರಲ್ಲಿ ಸುಪ್ರೀಂ ಕೋರ್ಟು ಆ ಫಾರಮ್ಮಿನ ಮೇಲೆ ಅವರ ತಕರಾರನ್ನು ಬಾಗಿಲಲ್ಲೇ ನಿಲ್ಲಿಸಲು ಒಪ್ಪಲಿಲ್ಲ. ಅವರನ್ನು ಕಾಪಾಡಿದ್ದು ವಕೀಲರ ವಾಕ್ಚಾತುರ್ಯವಲ್ಲ, ಆ ದಿನದ ಆ ಒಂದು ಪತ್ರ. ಬರಿದೇ "ಒತ್ತಾಯದಿಂದ ಸಹಿ ಹಾಕಿಸಿದರು" ಎಂದು ವರ್ಷಗಳ ಮೇಲೆ ಹೇಳಿದರೆ ಸಾಲದು, ಆಧಾರ ಬೇಕು ಎಂದು 2011ರಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿತು.

ಇನ್ನೊಂದು ಅಪಾಯ ಕಾಲದ್ದು. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಹಣ ಕೊಡುವ ದಿನ ಗೊತ್ತು ಮಾಡಿರದಿದ್ದರೆ, ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನಾವು ಎಷ್ಟು ಜ್ಞಾಪನಾಪತ್ರ ಬರೆದರೂ ಆ ಗಡುವು ಒಂದು ದಿನವೂ ಮುಂದೆ ಹೋಗದು. ಬಾಕಿ ಇರುವುದು ನಿಜವೆಂದು ಆ ಮೂರು ವರ್ಷದೊಳಗೆ ಕಚೇರಿಯವರೇ ಬರೆದು ಸಹಿ ಮಾಡಿಕೊಟ್ಟರೆ ಮಾತ್ರ ಅಲ್ಲಿಂದ ಹೊಸ ಲೆಕ್ಕ. ಈಗ ನೋಡಿ, ಮೌನ ಯಾರಿಗೆ ಲಾಭ? "ಆಗುತ್ತದೆ, ಆಗುತ್ತದೆ" ಎಂದು ಬಾಯಲ್ಲಿ ಹೇಳಿ ಕಾಗದದಲ್ಲಿ ಏನೂ ಬರೆಯದೆ ಮೂರು ವರ್ಷ ಕಳೆದರೆ ಸಾಲಗಾರ ಸಾಲದಿಂದ ಮುಕ್ತ. ಕಚೇರಿಯ ಸೌಜನ್ಯಕ್ಕೆ ಮರುಳಾಗುವ ನಮ್ಮ ಜನಕ್ಕೆ ಇದಕ್ಕಿಂತ ದೊಡ್ಡ ಬಲೆ ಬೇರೊಂದಿಲ್ಲ.

ಹಾಗಾದರೆ ಆಗಬೇಕಾದ್ದೇನು? ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 1999ರಲ್ಲಿ ಒಂದು ಕಾಯಿದೆ ಮಾಡಿತು. ಕಾಮಗಾರಿಯ ಬಿಲ್ಲು ತಲುಪಿದ ಮೇಲೆ ಹತ್ತು ಕೆಲಸದ ದಿನಗಳೊಳಗೆ, ಎಷ್ಟು ಕೊಡುತ್ತೇವೆ, ಎಷ್ಟು ಕೊಡುವುದಿಲ್ಲ, ಏಕೆ ಕೊಡುವುದಿಲ್ಲ ಎಂದು ಬರೆದು ತಿಳಿಸಬೇಕು. ಒಂದು ಕಾಸೂ ಕೊಡುವುದಿಲ್ಲವೆಂದು ಬೇಕಾದರೂ ಬರೆಯಬಹುದು, ಆದರೆ ಕಾರಣ ಕೊಡಬೇಕು. ಏನೂ ಬರೆಯದಿದ್ದರೆ ಬಿಲ್ಲಿನ ಪೂರ್ತಿ ಮೊತ್ತಕ್ಕೂ ಹೊಣೆ! ಇಂಗ್ಲೆಂಡಿನವರು 1996ರ ಕಾಯಿದೆಯಲ್ಲೇ ಇಂಥ ಜಗಳಗಳಿಗೆ ಮಧ್ಯಸ್ಥನೊಬ್ಬನು 28 ದಿನಗಳಲ್ಲಿ ತೀರ್ಮಾನ ಕೊಡುವ ವ್ಯವಸ್ಥೆ ಮಾಡಿದ್ದರು. "ನನಗೆ ಮೇಲಿನಿಂದ ಬಂದರೆ ನಿನಗೆ ಕೊಡುತ್ತೇನೆ" ಎಂಬ ಷರತ್ತನ್ನು, ಮೇಲಿನವನು ದಿವಾಳಿಯಾದ ಸಂದರ್ಭವೊಂದನ್ನು ಬಿಟ್ಟು, ಅಸಿಂಧುಗೊಳಿಸಿದರು. ಸಿಂಗಪುರ 2004ರಲ್ಲಿ ಇದೇ ದಾರಿ ಹಿಡಿಯಿತು. ಮೊದಲು ಹಣ ಕೊಡು, ಆಮೇಲೆ ಕೋರ್ಟಿನಲ್ಲಿ ವಾದಿಸು ಎಂಬುದು ಈ ಕಾಯಿದೆಗಳ ತಿರುಳು.

ಭಾರತದಲ್ಲಿ ಕಾಮಗಾರಿಗಳಿಗೆಂದೇ ಇಂಥ ಕಾಯಿದೆಯಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಕೊಡಬೇಕೆಂಬ 2006ರ ಕಾಯಿದೆಯಿದೆ. ಅದು ಕಟ್ಟಡ ಗುತ್ತಿಗೆಗೆ ಅನ್ವಯಿಸುವುದೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಒಮ್ಮತವಿರಲಿಲ್ಲ. ಹೊರದೇಶದ ಮಾತೇಕೆ ಎನ್ನುವವರಿಗೆ ನಮ್ಮಲ್ಲೇ ಒಂದು ನಿದರ್ಶನವಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿದ ಪ್ರಶ್ನೆಗೆ 30 ದಿನಗಳಲ್ಲಿ ಉತ್ತರ ಬರಬೇಕು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವಿದೆ. ಸುದ್ದಿ ಕೇಳಿದವನಿಗೆ ಉತ್ತರ ಕೊಡಲೇಬೇಕು, ದುಡಿದ ಹಣ ಕೇಳಿದವನಿಗೆ ಕೊಡಬೇಕಾಗಿಲ್ಲ. ಇದು ಯಾವ ಸೀಮೆಯ ನ್ಯಾಯ?

ಕಚೇರಿಯವರ ಮಾತನ್ನೂ ಕೇಳಬೇಕು. ಸುಳ್ಳು ಬಿಲ್ಲುಗಳಿಲ್ಲವೇ? ಖಂಡಿತ ಇವೆ. ಮಾಡದ ಹೂಳೆತ್ತುವಿಕೆಗೆ ಹಣ ಎತ್ತಿದವರನ್ನು, ಮೊದಲ ಮಳೆಗೆ ಕರಗುವ ರಸ್ತೆ ಹಾಕಿದವರನ್ನು ನಾವೂ ಕಂಡಿದ್ದೇವೆ. ಗುತ್ತಿಗೆದಾರರೆಲ್ಲ ಹರಿಶ್ಚಂದ್ರರೆಂದು ನಾವು ಹೇಳಲಾರೆವು. ಆದರೆ ಸುಳ್ಳು ಬಿಲ್ಲಿಗೂ ಉತ್ತರವೇ ಮದ್ದು. ಇಷ್ಟು ಅಡಿ ಕಡಿಮೆಯಿದೆ, ಇಂಥ ಕಡೆ ಬಿರುಕಿದೆ ಎಂದು ಹತ್ತು ದಿನದಲ್ಲಿ ಬರೆಯಲಾರದ ಇಂಜಿನಿಯರರು ಹತ್ತು ತಿಂಗಳ ಮೇಲೆ ಏನು ಬರೆದಾರು? ಮೌನದಲ್ಲಿ ಸುಳ್ಳುಗಾರನಿಗೆ ನಷ್ಟವಿಲ್ಲ, ಅವನಿಗೆ ಬಾಗಿಲು ತೆರೆಸುವ ಬೇರೆ ಬೀಗದ ಕೈ ಇದೆ. ಕಾಯುವವನು ನೇರವಾಗಿ ನಡೆದವನೇ.

ಕಾಯಿದೆ ಬರುವವರೆಗೆ ನಾವು ಸುಮ್ಮನೆ ಕೂಡಬೇಕಾಗಿಲ್ಲ. ನಮ್ಮ ಸಂವಿಧಾನದ 350ನೆಯ ವಿಧಿಯ ಪ್ರಕಾರ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ನಿಮ್ಮಲ್ಲಂತೂ 1969ರ ಕೇರಳದ ಅಧಿಕೃತ ಭಾಷಾ ಶಾಸನವು, ಘೋಷಿತ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಅವಕಾಶವನ್ನು ಮಾತ್ರವಲ್ಲ, ಉತ್ತರವೂ ಕನ್ನಡದಲ್ಲೇ ಬರಬೇಕೆಂಬ ಕಟ್ಟಳೆಯನ್ನೂ ತಂದಿತು. ಆಂಧ್ರದ ಕನ್ನಡಿಗರಾದ ನಮಗೆ ಅಂಥ ಕಟ್ಟಳೆಯ ಬಲ ಸಿಗಲಿಲ್ಲ. ಶಾಲೆಯ ಪಠ್ಯಪುಸ್ತಕಕ್ಕಾಗಿ, ಪರೀಕ್ಷೆಯ ಪ್ರಶ್ನೆಪತ್ರಿಕೆಗಾಗಿ ಈ ಹಕ್ಕಿನ ಹೆಸರೆತ್ತುವ ನಾವು ಹಣದ ಮಾತು ಬಂದಾಗ ಏಕೆ ಮರೆಯುತ್ತೇವೋ! ಅಳತೆಯ ಬಗ್ಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಪಕ್ಕದಲ್ಲೇ "ತಕರಾರು ಕಾಯ್ದಿರಿಸಿ ಸಹಿ ಮಾಡಿದ್ದೇನೆ" ಎಂದು ಕನ್ನಡದಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಡ. ಬರೆಯಗೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ ರಸೀತಿಯನ್ನು ಜೋಪಾನವಾಗಿಡಬೇಕು. ಎಂ. ಬುಕ್ಕಿನ ದೃಢೀಕೃತ ನಕಲನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು. ಆ ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕೆಂದಿದೆ. ಅದನ್ನು ಬರೆದುಕೊಡುವ ಕೆಲಸ ನಮ್ಮಂಥ ಮೇಷ್ಟರದು, ಯಾರೂ ಸಂಕೋಚಪಡಬೇಕಾಗಿಲ್ಲ. ಊರಿನ ಮೇಸ್ತ್ರಿಗಳು ಬಾಯಿಮಾತಿನ ಕೆಲಸವನ್ನು ಬಿಡಲಾರರು, ಹೊಟ್ಟೆಯ ಪ್ರಶ್ನೆ. ಆದರೆ ದರ, ಅಳತೆ, ಕೊಡುವ ದಿನ ಈ ಮೂರನ್ನು ಶಾಲೆಯ ನೋಟುಬುಕ್ಕಿನ ಹಾಳೆಯಲ್ಲಾದರೂ ಬರೆದು ಇಬ್ಬರೂ ಸಹಿ ಹಾಕುವುದಕ್ಕೆ ಐದು ನಿಮಿಷ ಸಾಕು.

ಸರಕಾರಗಳಿಂದ ನಾವು ಕೇಳುವುದು ದೊಡ್ಡ ಕಾನೂನುಗ್ರಂಥವನ್ನಲ್ಲ. ಅಮರಾವತಿಯಾಗಲಿ ತಿರುವನಂತಪುರವಾಗಲಿ ಪ್ರತಿಯೊಂದು ಕರಾರಿನಲ್ಲಿ ಎರಡು ಸಾಲು ಸೇರಿಸಲಿ: ಬಿಲ್ಲು ತಲುಪಿದ 21 ದಿನಗಳಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು, ಕೊಡದಿದ್ದರೆ ಬಿಲ್ಲನ್ನು ಒಪ್ಪಿದಂತೆ ಭಾವಿಸಿ ಅಂದಿನಿಂದ ಬಡ್ಡಿ ನಡೆಯತಕ್ಕದ್ದು. ಭಾಷಾ ಅಲ್ಪಸಂಖ್ಯಾತರ ಪ್ರದೇಶಗಳಲ್ಲಿ ಆ ಉತ್ತರದ ಜೊತೆಗೆ ಕನ್ನಡದ ಪ್ರತಿಯೊಂದು ಬರಲಿ. ಈ ಬೇಡಿಕೆಯನ್ನು ನಿಮ್ಮ ಪಂಚಾಯತು ಸದಸ್ಯರ ಮುಂದೆ, ಶಾಸಕರ ಮುಂದೆ ಇಡಿ. ಕನ್ನಡದ ಮನವಿಗೆ ಉತ್ತರ ಬಾರದೆ ಹೋದ ಪ್ರಕರಣಗಳ ನಕಲುಗಳನ್ನು, ಸಂವಿಧಾನದ 350ಬಿ ವಿಧಿಯ ಮೇರೆಗೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದಿಲ್ಲಿಗೆ ಕಳಿಸಿರಿ. ನಾವು ಕಣೇಕಲ್ಲಿನ ಕಡೆಯಿಂದ ಕಳಿಸಬೇಕೆಂದಿರುವ ಮೊದಲ ಕಂತಿನಲ್ಲಿ ಏಳು ಮನವಿಗಳಿವೆ.